ಮಾನ್ಸಾಳ ಕಾಲಿಗೆ ಗೊತ್ತಿದ್ದ ಮನೆ

ಕೋಬಿನಾ ಹಾಲ್‌ನ ನೆಲದ ಮೇಲೆ ಸೀಮೆಸುಣ್ಣದಿಂದ ಗೆರೆಗಳನ್ನು ಎಳೆದು, ಎದ್ದು ನಿಂತು ಮೊಣಕಾಲಿನ ಧೂಳು ಕೊಡವಿಕೊಂಡು, ಹೇಗಿದೆ ಎಂದು ಹೆಂಡತಿಯನ್ನು ಕೇಳಿದ. ಮಾನ್ಸಾಳಿಗೆ ಒಂದು ಗೆರೆಯೂ ಕಾಣಲಿಲ್ಲ. ಗಂಡನ ಮುಖ ಕಾಣುತ್ತಿತ್ತು, ಅವನ ಮೂಗಿಗೆ ಹತ್ತಿದ್ದ ಬಿಳಿ ಪುಡಿಯೂ ಕಾಣುತ್ತಿತ್ತು. ಅದರ ಸುತ್ತ ಇದ್ದದ್ದೆಲ್ಲ ಹೊಗೆಯೊಳಗೆ ಹೋದಂತಿತ್ತು. ತಲೆ ಬಗ್ಗಿಸಿ ನೆಲದ ಮೇಲೆ ಹುಡುಕಿದರೆ ಅವನಿಗೆ ಅನುಮಾನ ಬಂದೀತೆಂದು, ನಿಂತಲ್ಲೇ ನಿಂತು ಚೆನ್ನಾಗಿದೆ ಎಂದಳು.

"ಬರೀ ಚೆನ್ನಾಗಿದೆ ಅಂದ್ರೆ ಹೇಗೆ? ಮೆಟ್ಟಿಲು ಎರಡು ಸಾಕಾ, ಮೂರು ಬೇಕಾ ಹೇಳು."

"ಯಾವ ಮೆಟ್ಟಿಲು?"

"ಇದೇ, ಈ ಗೆರೆಯಿಂದ ಆಚೆ ನೆಲ ಅಗೆದು ತಗ್ಗು ಮಾಡ್ತೀನಿ. ಇಳಿದು ಹೋಗಿ ಕೂರೋ ಹಾಗೆ. ಟಕೊರಾಡಿಯಲ್ಲಿ ಆ ಎಣ್ಣೆ ಕಂಪನಿ ಸಾಹೇಬರ ಮನೇಲಿ ಮಾಡಿಕೊಟ್ನಲ್ಲ, ಹಾಗೆ."

ಮಾನ್ಸಾಳ ಕೈ ತಾನಾಗಿಯೇ ಗೋಡೆಯನ್ನು ಹುಡುಕಿತು. ಎರಡು ಸಾಕು ಎಂದಳು. ಮೂರಕ್ಕಿಂತ ಎರಡು ಕಡಿಮೆ ಎನ್ನುವುದಷ್ಟೇ ಆ ಹೊತ್ತಿಗೆ ಅವಳಿಗೆ ಹೊಳೆದದ್ದು.

ಕಡಲದಂಡೆಯ ನಮ್ಮ ಸೆಕೊಂಡಿ ಊರಿನಲ್ಲಿ ಕೋಬಿನಾ ಯಾಂಕ್ಸನ್ ಯಾರು ಎಂದು ಕೇಳಿದರೆ ಜನ ತಲೆ ಕೆರೆದುಕೊಳ್ಳುತ್ತಾರೆ. ಟೈಲ್ಸ್ ಕೋಬಿನಾ ಎಂದರೆ ಮನೆಯ ಬಾಗಿಲವರೆಗೆ ಕರೆದುಕೊಂಡು ಬಂದು ಬಿಡುತ್ತಾರೆ. ಇಪ್ಪತ್ತೈದು ವರ್ಷ ಬೇರೆಯವರ ಮನೆಗಳಿಗೆ ನೆಲ ಹಾಸಿದವನು. ಅವನು ಹಾಸಿದ ನೆಲದ ಮೇಲೆ ಗೋಲಿ ಇಟ್ಟರೆ ಇಟ್ಟಲ್ಲೇ ಇರುತ್ತದೆ ಎಂದು ಮೇಸ್ತ್ರಿಗಳೇ ಹೇಳುತ್ತಿದ್ದರು. ಅವನ ಸ್ವಂತ ಮನೆಯಲ್ಲಿ ಮಾತ್ರ ಇಷ್ಟು ವರ್ಷವೂ ಬರೀ ಸಿಮೆಂಟಿನ ನೆಲ, ಅದೂ ಅಲ್ಲಲ್ಲಿ ಬಿರುಕು. ಒಬ್ಬರ ಮನೆಯಲ್ಲಿ ಉಳಿದ ಹತ್ತು, ಇನ್ನೊಬ್ಬರಲ್ಲಿ ಉಳಿದ ಆರು ಎಂದು ಟೈಲ್ಸುಗಳನ್ನು ಕೇಳಿ ತಂದು ಜಗಲಿಯ ಗೋಡೆಗೆ ಒರಗಿಸಿಟ್ಟು ಕಾಯುತ್ತಿದ್ದ. ಈಗ ದೊಡ್ಡದೊಂದು ಕೆಲಸ ಮುಗಿದು ಎರಡು ತಿಂಗಳು ಬಿಡುವು ಸಿಕ್ಕಿತ್ತು. ಮಗಳು ಅಡ್ವೊವಾ, ಮಗ ಫೀಫಿ ಇಬ್ಬರೂ ಹಾಸ್ಟೆಲಿನಲ್ಲಿ ಓದುತ್ತಿದ್ದರು. ಅವರು ಕ್ರಿಸ್‌ಮಸ್ ರಜೆಗೆ ಬಂದು ಬಾಗಿಲು ತೆಗೆದಾಗ ಇದು ಯಾರ ಮನೆ ಎಂದು ಬೆರಗಾಗಬೇಕು, ಅದು ಅವನ ಆಸೆ.

ಮಾನ್ಸಾ ಕೆಂಕಿ ಮಾಡಿ ಮಾರುವವಳು. ಹುಳಿ ಬಂದ ಮೆಕ್ಕೆಜೋಳದ ಹಿಟ್ಟನ್ನು ಒಣ ಬಾಳೆಲೆಯಲ್ಲಿ ಸುತ್ತಿ ದೊಡ್ಡ ಹಂಡೆಯಲ್ಲಿ ಬೇಯಿಸುವ ಕೆಲಸಕ್ಕೆ ಕಣ್ಣಿಗಿಂತ ಕೈ ಮುಖ್ಯ. ಹಾಗಾಗಿಯೇ ಎರಡು ವರ್ಷ ಯಾರಿಗೂ ತಿಳಿಯದಂತೆ ನಡೆದುಹೋಯಿತು. ಮೊದಮೊದಲು ಎಡಗಡೆಯ ಕಂಬಕ್ಕೆ ಭುಜ ತಾಗುತ್ತಿತ್ತು. ಆಮೇಲೆ ಚರ್ಚಿನಲ್ಲಿ ಪಕ್ಕದಲ್ಲೇ ಕೂತವರು ನಕ್ಕರೂ ಇವಳು ನಗಲಿಲ್ಲವೆಂದು ಜಂಬದವಳು ಎನಿಸಿಕೊಂಡಳು. ಆಮೇಲೆ ವ್ಯಾನ್ ಹತ್ತುವಾಗ ಮೆಟ್ಟಿಲು ಇದ್ದಲ್ಲಿ ಇಲ್ಲದಂತಾಯಿತು. ಲೋಕವನ್ನು ಒಂದು ಕೊಳವೆಯಲ್ಲಿ ಇಣುಕಿ ನೋಡಿದ ಹಾಗೆ. ಆ ಕೊಳವೆ ತಿಂಗಳಿಂದ ತಿಂಗಳಿಗೆ ಸಣ್ಣದಾಗುತ್ತಿತ್ತು.

ಇದು ಎಲ್ಲಿಗೆ ಹೋಗಿ ನಿಲ್ಲುತ್ತದೆ ಎಂದು ಅವಳಿಗೆ ಗೊತ್ತಿತ್ತು. ಅವಳ ತಾಯಿಗೂ ಹೀಗೇ ಆಗಿತ್ತು. ತಾಯಿಗೆ ನಲವತ್ತೈದು ತುಂಬುವುದರೊಳಗೆ ಪೂರ್ತಿ ಕತ್ತಲೆ. ಅವಳ ತವರಿನವರೇ ಯಾರೋ ಮಾಟ ಮಾಡಿ ಅವಳ ಕಣ್ಣು ತಿಂದಿದ್ದಾರೆ ಎಂದು ಅಪ್ಪನ ಕಡೆಯವರು ಹೇಳಿದರು. ಅಪ್ಪ ಅವಳನ್ನು ಹಿಂದಿನ ಕೋಣೆಗೆ ಹಾಕಿ ಇನ್ನೊಬ್ಬಳನ್ನು ಕರೆತಂದ. ಹೊಸ ಹೆಂಡತಿ ಬೆಂಚು, ಪೆಟ್ಟಿಗೆ, ನೀರಿನ ಹಂಡೆ ಎಲ್ಲದರ ಜಾಗ ಬದಲಿಸಿದಳು. ಯಾರೂ ತಾಯಿಗೆ ಹೇಳಲಿಲ್ಲ. ಮಾನ್ಸಾಳಿಗೆ ಆಗ ಹತ್ತು ವರ್ಷ. ಒಂದು ದಿನ ಅವಳೂ ತಾಯಿಯ ಮಣೆಯನ್ನು ಸದ್ದಿಲ್ಲದೆ ಮೊಳದಷ್ಟು ಸರಿಸಿ, ಏನಾಗುತ್ತದೋ ನೋಡೋಣವೆಂದು ಬಾಯಿ ಮುಚ್ಚಿಕೊಂಡು ನಿಂತಿದ್ದಳು. ತಾಯಿ ಗಾಳಿಯ ಮೇಲೆ ಕೂತು ಬಿದ್ದಳು. ಬಿದ್ದವಳು ನಕ್ಕಳು, ಬೈಯಲಿಲ್ಲ. ಆದರೆ ಅಂದಿನಿಂದ ಸಾಯುವವರೆಗೂ ಎಲ್ಲೇ ಕೂರುವ ಮೊದಲೂ ಎರಡೂ ಕೈಯಿಂದ ತಡವಿ ತಡವಿ ನೋಡುತ್ತಿದ್ದಳು. ಅಪ್ಪ ತಾಯಿಗೆ ಮಾಡಿದ್ದು ಕೋಬಿನಾನಿಗೆ ಗೊತ್ತಿತ್ತು; ಮಣೆ ಸರಿಸಿದ್ದನ್ನು ಮಾತ್ರ ಮಾನ್ಸಾ ಯಾರಿಗೂ ಹೇಳಿರಲಿಲ್ಲ.

ತನ್ನ ಮನೆಯೊಳಗೆ ಮಾತ್ರ ಅವಳಿಗೆ ಭಯವಿರಲಿಲ್ಲ. ಹಾಸಿಗೆಯಿಂದ ಬಾಗಿಲಿಗೆ ಏಳು ಹೆಜ್ಜೆ. ಹೊಸಿಲು ದಾಟಿದರೆ ಅಂಗಾಲಿಗೆ ತಾಗುವ ಉದ್ದನೆಯ ಬಿರುಕು. ಅದರ ಜೊತೆಗೇ ನಡೆದರೆ ಹಿಂದಿನ ಬಾಗಿಲು. ನೆಲ ತಣ್ಣಗಾಯಿತೆಂದರೆ ನೀರಿನ ಡ್ರಮ್ಮು ಬಂತು, ಹುಳಿಹಿಟ್ಟಿನ ವಾಸನೆ ಬಲಕ್ಕೆ ಬಂತೆಂದರೆ ಅಡುಗೆಯ ಚಪ್ಪರ. ಹದಿನಾಲ್ಕು ವರ್ಷದಲ್ಲಿ ಅವಳ ಕಾಲು ಕಲಿತಿದ್ದ ಪಾಠ ಇದು. ಆ ಬಿರುಕನ್ನೇ ಕೋಬಿನಾ ಮೊದಲು ಒಡೆಯಲು ಹೊರಟಿದ್ದ.

ಅವನ ಆಲೋಚನೆಗಳಿಗೆ ಕೊನೆಯಿರಲಿಲ್ಲ. ಹಾಲ್‌ಗೂ ಮಲಗುವ ಕೋಣೆಗೂ ನಡುವಿನ ಗೋಡೆ ತೆಗೆಯುವುದು. ಎಲ್ಲ ಕಡೆ ಹಾಲಿನಂಥ ಬಿಳಿ, ಮುಖ ಕಾಣುವಷ್ಟು ಹೊಳೆಯುವ ಟೈಲ್ಸು. ಒಂದು ಗೋಡೆಗೆ ಮೇಲಿಂದ ಕೆಳಗಿನವರೆಗೆ ಕನ್ನಡಿ, ಮನೆ ಎರಡರಷ್ಟು ಕಾಣಲಿ ಎಂದು. ಹಿಂದಿನ ಬಾಗಿಲನ್ನು ಮುಚ್ಚಿ ಇನ್ನೊಂದು ಕಡೆ ಗಾಜಿನ ಬಾಗಿಲು. ಬಚ್ಚಲು ಮನೆಯೊಳಗೇ, ಅದರ ನೀರು ಹೋಗಲು ಹಿತ್ತಲಲ್ಲಿ ಆಳೆತ್ತರದ ಗುಂಡಿ. ಅವನು ಒಂದೊಂದು ಹೇಳಿದಾಗಲೂ ಮಾನ್ಸಾ ತನ್ನ ಎಣಿಕೆಯಿಂದ ಒಂದೊಂದು ಗುರುತನ್ನು ಅಳಿಸಿಕೊಳ್ಳುತ್ತಿದ್ದಳು. ಬೇಡ ಎಂದರೆ ಯಾಕೆ ಎಂದು ಕೇಳುತ್ತಾನೆ. ಯಾಕೆ ಎಂಬುದನ್ನು ಹೇಳಿದರೆ ಹಿಂದಿನ ಕೋಣೆ. ಅವಳಿಗೆ ಹಾಗೆಯೇ ಅನಿಸಿತ್ತು, ಮೂವತ್ತು ವರ್ಷದಿಂದ. ಬಿಳಿ ನೆಲದ ಮೇಲೆ ಮಸಿ ಎದ್ದು ಕಾಣುತ್ತದೆ ಎಂದಳು, ಗಾಜಿನ ಬಾಗಿಲು ಕಳ್ಳರಿಗೆ ಸುಲಭ ಎಂದಳು. ಕೋಬಿನಾ ಎಲ್ಲಕ್ಕೂ ನಗುತ್ತಲೇ ಉತ್ತರ ಕೊಟ್ಟ.

ಪಕ್ಕದಲ್ಲೇ ತಮ್ಮ ಹಿರಿಯರ ಮನೆಯಲ್ಲಿ ವಾಸವಿದ್ದ ಅವನ ಅಕ್ಕ ಎಕುವಾ ಬಂದು ಗೆರೆಗಳನ್ನು ನೋಡಿ ತಮ್ಮನನ್ನು ಹೊಗಳಿದಳು. ಅವನ ಹೆಂಡತಿಯ ಮುಖ ನೋಡಿ ಸುಮ್ಮನಿರಲಾಗಲಿಲ್ಲ.

"ಏನೇ ಮಾನ್ಸಾ, ಮನೆಗೆ ಟೈಲ್ಸ್ ಹಾಕ್ತಾರೆ ಅಂದ್ರೆ ಹೆಣ ಎತ್ತೋಕೆ ಬಂದಿದಾರೆ ಅನ್ನೋ ಹಾಗೆ ನಿಂತಿದೀಯಲ್ಲ. ನನ್ನ ಗಂಡ ಬದುಕಿದ್ದಾಗ ಒಂದು ಮೊಳೆ ಹೊಡೆದಿದ್ರೆ ನಾನು ಕುಣೀತಿದ್ದೆ."

"ಧೂಳು ಅಕ್ಕಾ, ಅಷ್ಟೇ. ಧೂಳಿಗೆ ತಲೆನೋವು ಬರುತ್ತೆ."

"ಹೊಗೇಲಿ ಕೂತು ಕೂತು ನಿನಗೆ ಹೊಗೇನೇ ಅರಮನೆ ಆಗಿದೆ ಬಿಡು."

ಸೋಮವಾರ ಸುತ್ತಿಗೆಯ ಸದ್ದು ಶುರುವಾಯಿತು. ಅಂದಿನಿಂದ ಮಾನ್ಸಾಳ ದಿನಗಳು ಕೆಟ್ಟ ಕನಸಿನಂತೆ ಆದವು. ಬೆಳಿಗ್ಗೆ ಇದ್ದ ಕುರ್ಚಿ ಮಧ್ಯಾಹ್ನ ಇರುತ್ತಿರಲಿಲ್ಲ. ಕೈ ಚಾಚಿದಲ್ಲಿ ಗೋಡೆಯ ಬದಲು ಗಾಳಿ. ಬಿರುಕು ಹೋದ ದಿನ ಅವಳು ಮಲಗುವ ಕೋಣೆಯ ಬಾಗಿಲಲ್ಲೇ ನಿಂತುಬಿಟ್ಟಳು, ಯಾವ ಕಡೆ ಕಾಲಿಡಬೇಕೆಂದು ತಿಳಿಯದೆ. ಕೋಬಿನಾ ಸಿಮೆಂಟು ತರಲು ಹೋದಾಗಲೆಲ್ಲ ಗುಟ್ಟಾಗಿ ಅಭ್ಯಾಸ ಮಾಡುತ್ತಿದ್ದಳು: ಗೋಡೆ ಹಿಡಿದು ಎಣಿಸುವುದು, ತಪ್ಪುವುದು, ಹಿಂದಿರುಗಿ ಮತ್ತೆ ಎಣಿಸುವುದು. ಎಣಿಕೆ ಬಾಯಿಗೆ ಬಂತು ಎನ್ನುವಷ್ಟರಲ್ಲಿ ಅವನು ಇನ್ನೇನನ್ನೋ ಒಡೆದಿರುತ್ತಿದ್ದ. ಒಮ್ಮೆ ಆ ಎರಡು ಮೆಟ್ಟಿಲಿನ ತಗ್ಗಿಗೆ ಮುಗ್ಗರಿಸಿ ಬಿದ್ದಳು. ಮೊಣಕಾಲು ಊದಿ ನೀಲಿಗಟ್ಟಿತು. ಹಂಡೆ ಎತ್ತುವಾಗ ತಾಗಿತು ಎಂದು ಗಂಡನಿಗೆ ಸುಳ್ಳು ಹೇಳಿ, ಒಂದು ವಾರ ಕುಂಟದೆ ನಡೆಯಲು ಹಲ್ಲು ಕಚ್ಚಿದಳು.

ಕನ್ನಡಿ ಕೂರಿಸಿದ ಮಾರನೆಯ ಬೆಳಿಗ್ಗೆ ಅವಳು ಒಬ್ಬಳೇ ಹಾಲ್‌ಗೆ ಬಂದಾಗ ಎದುರಿನಿಂದ ಒಬ್ಬ ಹೆಂಗಸು ನೇರ ಅವಳ ಕಡೆಗೇ ಬರುತ್ತಿದ್ದಳು. ಮಾನ್ಸಾ ನಿಂತಳು, ಆ ಹೆಂಗಸೂ ನಿಂತಳು. ಕಣ್ಣು ಅಗಲ ಬಿಟ್ಟು, ಕುತ್ತಿಗೆ ಮುಂದೆ ಚಾಚಿ, ಕೈಗಳನ್ನು ಅರ್ಧ ಎತ್ತಿಕೊಂಡು ನಿಂತ ಆ ನಿಲುವನ್ನು ಅವಳು ಎಲ್ಲಿ ನೋಡಿದ್ದರೂ ಗುರುತಿಸುತ್ತಿದ್ದಳು. ತಾಯಿ ಬಂದಿದ್ದಾಳೆ ಎಂದೇ ಅಂದುಕೊಂಡಳು. ಅಮ್ಮಾ ಎಂದು ಬಾಯಿ ತೆರೆದಾಗ ಎದುರಿನವಳೂ ಬಾಯಿ ತೆರೆದಳು. ಆಗಲೇ ಅದು ತಾನೆಂದು ತಿಳಿದದ್ದು. ತಿಳಿದ ಮೇಲೆ ಭಯ ಕಡಿಮೆಯಾಗಲಿಲ್ಲ, ಹೆಚ್ಚಾಯಿತು. ಇಷ್ಟು ಸ್ಪಷ್ಟವಾಗಿ ಕಾಣುತ್ತಿರುವುದು ಗಂಡನಿಗೆ ಇನ್ನೂ ಯಾಕೆ ಕಂಡಿಲ್ಲ, ಯಾವ ಗಳಿಗೆಯಲ್ಲಿ ಕಾಣುತ್ತದೆ ಎಂದು.

ಅದಾಗಿ ಹತ್ತು ದಿನಕ್ಕೆ, ಒಂದು ಶನಿವಾರ, ಎಕುವಾ ಯಾರದೋ ಸಾವಿಗೆ ಹೋಗಬೇಕಾಗಿ ತನ್ನ ಮೊಮ್ಮಗಳು ಎಫೆಯನ್ನು ತಂದು ಬಿಟ್ಟಳು. ಮಗುವಿಗೆ ಎರಡೂವರೆ ವರ್ಷ. ಮಾತು ಕಡಿಮೆ, ನೋಟ ಜಾಸ್ತಿ. ಮಾನ್ಸಾ ಎಷ್ಟು ನೆಪ ಹೇಳಿದರೂ ಎಕುವಾ ಕೇಳಲಿಲ್ಲ. ಎರಡು ಗಂಟೆ ಒಂದು ಮಗು ನೋಡಿಕೊಳ್ಳಲಾರೆಯಾ ಎಂದು ಕಪ್ಪು ಬಟ್ಟೆ ಸರಿಮಾಡಿಕೊಂಡು ಹೊರಟೇಬಿಟ್ಟಳು. ಕೋಬಿನಾ ಟೈಲ್ಸು ಅಂಟಿಸುವ ಪುಡಿ ತರಲು ಪೇಟೆಗೆ ಹೋಗಿದ್ದ. ಮಾನ್ಸಾ ಮಗುವಿನ ಕೈಗೆ ಕೆಂಕಿಯ ತುಂಡು ಕೊಟ್ಟು, ತನ್ನ ಮೊಣಕಾಲಿಗೆ ಒತ್ತಿ ಕೂರಿಸಿಕೊಂಡೇ ಎಲೆ ಸುತ್ತುತ್ತಿದ್ದಳು. ಹಂಡೆ ಉಕ್ಕಿತು. ಬೆಂಕಿ ತಗ್ಗಿಸಲು ಎದ್ದಳು, ಕಟ್ಟಿಗೆ ಎಳೆದಳು, ತಿರುಗಿ ಬಂದು ಕೈ ಚಾಚಿದಾಗ ಮಗು ಇರಲಿಲ್ಲ.

ಕರೆದಳು. ಉತ್ತರವಿಲ್ಲ. ಕೊಳವೆಯಂಥ ತನ್ನ ನೋಟವನ್ನು ಅಂಗಳದ ಮೇಲೆ ಅತ್ತಿಂದಿತ್ತ ಆಡಿಸಿದಳು: ಬೂದಿಯ ರಾಶಿ, ಡ್ರಮ್ಮು, ಬಿಸಿಲು, ಮತ್ತೆ ಬೂದಿಯ ರಾಶಿ. ಹಂಡೆಯ ಹತ್ತಿರ ಕೈಯಾಡಿಸಿದಳು, ಕೈ ಸುಟ್ಟಿತು. ಅಲ್ಲಿಲ್ಲ. ಒಳಗೆ ಓಡಿದಳು, ಗಾಜಿನ ಬಾಗಿಲಿಗೆ ಹಣೆ ಬಡಿಯಿತು. ಮೊಣಕಾಲೂರಿ ಹೊಸ ನೆಲದ ಮೇಲೆ ತಗ್ಗಿನವರೆಗೂ ತೆವಳಿದಳು, ಮೂಲೆ ಮೂಲೆ ತಡವಿದಳು. ಒಡೆದ ಟೈಲ್ಸಿನ ಚೂರುಗಳು ಅಂಗೈಗೆ ಚುಚ್ಚಿದವು. ಎಫೆ ಎಂದು ಕರೆದು ಉಸಿರು ಬಿಗಿಹಿಡಿದು ಆಲಿಸಿದಳು. ದೂರದಲ್ಲೆಲ್ಲೋ ರೇಡಿಯೋ ಹಾಡುತ್ತಿತ್ತು, ಬೇರೇನಿಲ್ಲ. ಆಗ ಹಿತ್ತಲ ಗುಂಡಿ ನೆನಪಾಯಿತು.

ಅದರ ಮೇಲೆ ಕೋಬಿನಾ ಮೂರು ಹಲಗೆ ಹಾಕಿದ್ದ. ಮಾನ್ಸಾ ಅಲ್ಲಿಗೆ ನಡೆದು ಹೋಗಲು ಹೆದರಿ ತೆವಳಿಯೇ ಹೋದಳು. ಮೊದಲನೆಯ ಹಲಗೆ ಕೈಗೆ ಸಿಕ್ಕಿತು. ಎರಡನೆಯದೂ ಸಿಕ್ಕಿತು. ಮೂರನೆಯದು ಇರಬೇಕಾದಲ್ಲಿ ಅಂಚಿನ ಒದ್ದೆ ಮಣ್ಣು, ಅದರಾಚೆ ಏನೂ ಇಲ್ಲ. ಹೊಟ್ಟೆಯ ಮೇಲೆ ಮಲಗಿ ಭುಜದವರೆಗೂ ತೋಳನ್ನು ಕೆಳಗಿಳಿಸಿದಳು. ಬೆರಳಿಗೆ ತಂಪು ಮಾತ್ರ ತಾಗಿತು. ತಳದಲ್ಲಿ ನೀರು ನಿಂತಿದೆ ಎಂದು ಬೆಳಿಗ್ಗೆಯೇ ಗಂಡ ಹೇಳಿದ್ದ. ಎಫೆ, ನನ್ನ ತಾಯಿ, ಕೈ ಕೊಡು ಎಂದು ಆ ಕತ್ತಲೆಗೆ ಹೇಳಿದಳು. ಕಾಲುಗಳನ್ನು ಕೆಳಗೆ ಬಿಟ್ಟು ಗುಂಡಿಗೆ ಇಳಿದೇಬಿಡೋಣ ಎಂದು ತಿರುಗತೊಡಗಿದಳು.

"ಮಾನ್ಸಾ, ಏನು ಮಾಡ್ತಿದೀಯ?"

ಕೋಬಿನಾನ ದನಿ. ಅವಳು ತಲೆ ಎತ್ತದೆಯೇ ಮಗು ಗುಂಡಿಯೊಳಗೆ ಬಿದ್ದಿದೆ, ಬೇಗ ಇಳಿ ಎಂದು ಬೇಡಿಕೊಂಡಳು. ಅವನು ಕದಲಲಿಲ್ಲ.

"ಮಗು ನಿನ್ನ ಪಕ್ಕದಲ್ಲೇ ಕೂತಿದೆಯಲ್ಲೇ."

ಎಫೆ ಅವಳ ಎಡಕ್ಕೆ, ಒಂದು ಮೊಳದ ಅಂತರದಲ್ಲಿ, ಸರಿದುಹೋದ ಹಲಗೆಯ ಮೇಲೆ ಕೂತು ಕೆಂಕಿ ತಿನ್ನುತ್ತಿತ್ತು. ಮಾನ್ಸಾ ಏನೋ ಆಟ ಆಡುತ್ತಿದ್ದಾಳೆ ಎಂದು ಸುಮ್ಮನೆ ನೋಡುತ್ತಿತ್ತು. ಅದರ ಕಾಲುಗಳು ಗುಂಡಿಯ ಅಂಚಿನಿಂದ ಕೆಳಗೆ ಇಳಿಬಿದ್ದಿದ್ದವು.

ಕೋಬಿನಾ ಮೊದಲು ಮಗುವನ್ನು ಎತ್ತಿ ದೂರ ಕೂರಿಸಿದ. ಆಮೇಲೆ ಹೆಂಡತಿಯ ಕಂಕುಳಿಗೆ ಕೈ ಹಾಕಿ ಎಬ್ಬಿಸಿ, ಡ್ರಮ್ಮಿನ ಪಕ್ಕದ ಕಲ್ಲಿನ ಮೇಲೆ ಕೂರಿಸಿದ. ಅವಳ ಹಣೆಯ ಬುಗುಟು, ಅಂಗೈಯ ರಕ್ತ, ಮೊಣಕಾಲಿನ ಹಳೆಯ ಕಲೆ ಎಲ್ಲವನ್ನೂ ಒಂದೊಂದಾಗಿ ನೋಡಿದ. ಅವಳ ಎಡಗಿವಿಯ ಹತ್ತಿರ ಕೈ ಹಿಡಿದು ಮೆಲ್ಲಗೆ ಆಡಿಸಿದ. ಅವಳು ಅವನ ಮುಖವನ್ನೇ ನೋಡುತ್ತಿದ್ದಳು.

"ಎಷ್ಟು ದಿನದಿಂದ?" ಎಂದು ಕೇಳಿದ.

"ಎರಡು ವರ್ಷ."

ಅವನು ಡ್ರಮ್ಮಿನಿಂದ ನೀರು ಮೊಗೆದು ಅವಳ ಅಂಗೈ ತೊಳೆಯತೊಡಗಿದ. ಅಷ್ಟು ಹೊತ್ತಿನಲ್ಲಿ ಮಾನ್ಸಾ ತನ್ನ ಬಟ್ಟೆಗಂಟು ಕಟ್ಟಿಕೊಂಡಳು, ತವರಿನ ದಾರಿ ಹಿಡಿದಳು, ತಾಯಿಯ ಆ ಕೋಣೆಯಲ್ಲಿ ಹೋಗಿ ಕೂತಳು. ಎಲ್ಲವೂ ಮನಸ್ಸಿನಲ್ಲೇ ನಡೆದು ಮುಗಿಯಿತು. ಕೊನೆಗೆ ಅವಳೇ, ನನ್ನನ್ನು ಯಾವಾಗ ಕಳಿಸುತ್ತೀಯ ಎಂದು ಕೇಳಿದಳು. ಕೋಬಿನಾನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಅರ್ಥವಾದಾಗ ಅವನ ಮುಖ ಕೆಂಡವಾಯಿತು.

"ನಾನು ನಿನ್ನ ಅಪ್ಪನಾ? ಒಂದೂವರೆ ತಿಂಗಳಿಂದ ನೀನು ಬೀಳೋಕೆ ಅಂತ ಗುಂಡಿ ತೋಡಿದೀನಿ ಮನೆ ತುಂಬ. ಒಂದು ಮಾತು ಹೇಳೋಕೆ ಆಗಲಿಲ್ವಾ ನಿನಗೆ?"

ಬೈಯುತ್ತಲೇ ಅವಳ ಅಂಗೈಯಿಂದ ಟೈಲ್ಸಿನ ಚೂರು ಕೀಳಲು ಎರಡು ಸಲ ಪ್ರಯತ್ನಿಸಿ, ಆಗದೆ, ಕೈಯನ್ನು ಹಾಗೇ ಹಿಡಿದುಕೊಂಡು ಕೂತ.

ಸೋಮವಾರ ಪಕ್ಕದೂರು ಟಕೊರಾಡಿಯ ಆಸ್ಪತ್ರೆಗೆ ಹೋದರು. ಯಂತ್ರದ ಮೇಲೆ ಗಲ್ಲ ಊರಿ ಕೂತು ಬೆಳಕಿನ ಚುಕ್ಕಿ ಕಂಡಾಗಲೆಲ್ಲ ಕೈಯಲ್ಲಿದ್ದ ಬಟನ್ ಒತ್ತಬೇಕೆಂದರು. ಯಂತ್ರ ಟಿಕ್ ಟಿಕ್ ಎನ್ನುತ್ತಲೇ ಇತ್ತು. ಒತ್ತಲು ಅವಳಿಗೆ ಚುಕ್ಕಿಗಳೇ ಕಾಣಲಿಲ್ಲ. ಇದು ಗ್ಲಾಕೋಮಾ, ಕಣ್ಣಿನೊಳಗಿನ ಒತ್ತಡ ನರವನ್ನು ತಿನ್ನುತ್ತಿದೆ, ಹೋದದ್ದು ಬರುವುದಿಲ್ಲ, ಉಳಿದದ್ದನ್ನು ಕಾಯಬಹುದು ಎಂದು ಡಾಕ್ಟರಮ್ಮ ಬಿಡಿಸಿ ಹೇಳಿದರು. ದಿನವೂ ತಪ್ಪದೆ ಹನಿ ಹಾಕಬೇಕು. ಎಷ್ಟು ವರ್ಷ ಉಳಿಯುತ್ತದೆ ಎಂದು ಕೋಬಿನಾ ಕೇಳಿದ್ದಕ್ಕೆ ಆಕೆ ಖಚಿತವಾಗಿ ಏನೂ ಹೇಳಲಿಲ್ಲ. ಹೊರಡುವಾಗ, ಇದು ರಕ್ತದಲ್ಲಿ ಬರುವುದು, ಮಕ್ಕಳನ್ನೂ ಕರೆತನ್ನಿ ಎಂದರು. ತನಗಾಗಿ ಇಷ್ಟು ದಿನ ಹೆದರಿದ್ದ ಮಾನ್ಸಾ ಅಲ್ಲಿಂದ ಮನೆಯವರೆಗೂ ಅಡ್ವೊವಾ, ಫೀಫಿ ಎಂದು ಆ ಎರಡು ಹೆಸರಿಗಾಗಿ ಹೆದರಿದಳು.

ಮನೆಗೆ ಬಂದು ಕೋಬಿನಾ ಬಾಗಿಲು ಹಾಕಿದ. ಅವಳ ತಲೆವಸ್ತ್ರವನ್ನು ಕೇಳಿ ಪಡೆದು ತನ್ನ ಕಣ್ಣಿಗೆ ಬಿಗಿಯಾಗಿ ಕಟ್ಟಿಕೊಂಡ. ತಾನೇ ಹಾಸಿದ ನೆಲದ ಮೇಲೆ ನಾಲ್ಕು ಹೆಜ್ಜೆ ಇಟ್ಟ. ಐದನೆಯದನ್ನು ಇಡಲು ಆಗಲಿಲ್ಲ. ಮಾನ್ಸಾ ಎಂದು ಕರೆದ; ದನಿ ಮಗುವಿನದಂತಿತ್ತು. ಅವಳು ಹೋಗಿ ಕೈ ಹಿಡಿದು, ಇಲ್ಲಿ ಮೆಟ್ಟಿಲು, ಕಾಲು ಎಳೆದುಕೊಂಡು ಬಾ ಎಂದು ಇಳಿಸಿದಳು. ತಗ್ಗಿನಲ್ಲಿ ಅವನು ಬಹಳ ಹೊತ್ತು ಕೂತಿದ್ದ, ಕಟ್ಟು ಬಿಚ್ಚದೆ.

ಮರುದಿನ ಅವನು ಮತ್ತೆ ಒಡೆಯಲು ಶುರುಮಾಡಿದ. ತಗ್ಗಿಗೆ ಮಣ್ಣು ತುಂಬಿಸಿ ನೆಲವನ್ನು ಒಂದೇ ಮಟ್ಟ ಮಾಡಿದ. ಕನ್ನಡಿ ಇಳಿಸಿದ, ಮುಚ್ಚಿದ್ದ ಹಿಂದಿನ ಬಾಗಿಲನ್ನು ಮತ್ತೆ ತೆರೆದ. ಗುಂಡಿಗೆ ಎರಕದ ಮುಚ್ಚಳ ಕೂರಿಸಿದ. ಎಕುವಾ ಬೇಲಿಯಾಚೆಯಿಂದ, ಇವನಿಗೆ ಹುಚ್ಚು ಹಿಡಿದಿದೆ, ಕಟ್ಟಿದ್ದನ್ನೇ ಕೆಡವುತ್ತಿದ್ದಾನೆ ಎಂದು ಕೂಗಿ ಹೇಳಿದಳು. ಕೋಬಿನಾ ಹೋಗಿ ಎಲ್ಲವನ್ನೂ ತಿಳಿಸಿದ, ಮೊಮ್ಮಗಳು ಗುಂಡಿಯ ಅಂಚಿನಲ್ಲಿ ಕೂತಿದ್ದನ್ನೂ. ಅಂದು ಸಂಜೆ ಅವಳು ಬಂದು ಮಾನ್ಸಾಳ ಪಕ್ಕ ಕೂತಳು. ನನಗೂ ರಾತ್ರಿ ದೀಪದ ಸುತ್ತ ಬಣ್ಣದ ಬಳೆ ಕಾಣುತ್ತೆ ಕಣೇ, ಯಾರಿಗೂ ಹೇಳಿಲ್ಲ ಎಂದಳು. ಅವಳನ್ನೂ ಆಸ್ಪತ್ರೆಗೆ ಕಳಿಸಿದರು.

ಆಮೇಲಿನ ಮನೆಯನ್ನು ಮಾನ್ಸಾಳ ಕಾಲನ್ನು ಕೇಳಿ ಕೇಳಿಯೇ ಕಟ್ಟಿದ್ದು. ಹೊಳೆಯುವ ಟೈಲ್ಸನ್ನು ಕಿತ್ತು ಜಗಲಿಗೆ ಒರಗಿಸಿದ. ತನ್ನ ಸಂಗ್ರಹದಿಂದ ಒರಟು ಮುಖದವನ್ನು ಆರಿಸಿ ಅವಳ ಮುಂದೆ ಹಾಕುತ್ತಿದ್ದ. ಅವಳು ಚಪ್ಪಲಿ ಬಿಟ್ಟು ತುಳಿದು, ಇದು ಬೇಡ, ಇದು ಬಚ್ಚಲಿಗಿರಲಿ ಎನ್ನುತ್ತಿದ್ದಳು. ಬಚ್ಚಲ ಹೊಸಿಲಿಗೆ ಗೀರುಗಳಿದ್ದ ಟೈಲ್ಸು. ಅಡುಗೆಯ ಕಡೆಗೆ ಹೋಗುವ ದಾರಿಗೆ ಸಮುದ್ರದಂಡೆಯ ನುಣುಪು ಬೆಣಚುಕಲ್ಲುಗಳ ಒಂದು ಸಾಲು, ಹಿಂದಿನ ಬಿರುಕು ಹೋಗುತ್ತಿದ್ದ ಜಾಗದಲ್ಲೇ. ಗೋಡೆಯುದ್ದಕ್ಕೂ ಸೊಂಟದ ಎತ್ತರದಲ್ಲಿ ಒಡೆದ ಟೈಲ್ಸಿನ ತುಂಡುಗಳ ಪಟ್ಟಿ, ಅಂಚುಗಳನ್ನೆಲ್ಲ ಉಜ್ಜಿ ಮೊಂಡು ಮಾಡಿ. ಗಾಜಿನ ಬಾಗಿಲಿಗೆ ಎದೆಮಟ್ಟದಲ್ಲಿ ದಪ್ಪ ಕಪ್ಪು ಗೆರೆ. ಒಲೆಯನ್ನು ಹೊರಗೇ ಬಿಟ್ಟ, ಅದರ ಸುತ್ತ ಮೊಣಕಾಲೆತ್ತರದ ಕಟ್ಟೆ ಕಟ್ಟಿದ. ಏನನ್ನಾದರೂ ಸರಿಸುವ ಮೊದಲು ಅವಳನ್ನು ಕರೆದು ಅವಳ ಕೈಯಿಂದಲೇ ಸರಿಸಬೇಕು ಎಂದು ನಿಯಮವಾಯಿತು.

ಮಕ್ಕಳು ರಜೆಗೆ ಬಂದರು. ಮನೆ ನೋಡಿ ಬೆರಗಾಗುವುದಕ್ಕೂ ಬಿಡದೆ ಅವರನ್ನು ಟಕೊರಾಡಿಗೆ ಕರೆದೊಯ್ದರು. ಅಡ್ವೊವಾಳ ಕಣ್ಣು ಚೆನ್ನಾಗಿತ್ತು. ಹದಿನೈದರ ಫೀಫಿಗೆ ಒತ್ತಡ ಹೆಚ್ಚಿತ್ತು, ನರಕ್ಕೆ ಇನ್ನೂ ಏನೂ ಆಗಿರಲಿಲ್ಲ. ಬೇಗ ಬಂದಿರಿ ಎಂದರು ಡಾಕ್ಟರಮ್ಮ. ಈಗ ತಾಯಿ ಮಗ ಇಬ್ಬರೂ ಒಂದೇ ಹೊತ್ತಿಗೆ ತಲೆ ಹಿಂದಕ್ಕೆ ಚೆಲ್ಲಿ ಹನಿ ಹಾಕಿಸಿಕೊಳ್ಳುತ್ತಾರೆ. ಮಾನ್ಸಾಳ ಭಯ ಹೋಗಿದೆ ಎಂದು ಹೇಳಲಾರೆ. ಬೆಳಿಗ್ಗೆ ಎದ್ದ ಕೂಡಲೇ ಅವಳು ಮೊದಲು ಕೈ ಮುಂದೆ ಹಿಡಿದು, ಎಷ್ಟು ಬೆರಳು ಕಾಣುತ್ತಿವೆ ಎಂದು ನೋಡಿಕೊಳ್ಳುತ್ತಾಳೆ.

ಜಗಲಿಯ ಒಂದು ಮೂಲೆ ಮಾತ್ರ ಖಾಲಿ ಉಳಿದಿತ್ತು, ಅವಳು ಸಂಜೆ ಕೂರುವ ಜಾಗ. ಅಲ್ಲಿ ಒರಟು ಹಾಕಲಾ, ಕಲ್ಲು ಹಾಕಲಾ ಎಂದು ಕೋಬಿನಾ ಕೇಳಿದ.

"ಎರಡೂ ಬೇಡ. ನೀಲಿ ಹಾಕು. ಇರೋದರಲ್ಲಿ ಗಾಢವಾದ ನೀಲಿ."

"ಬಣ್ಣ ಯಾಕೆ? ಕಾಲಿಗೆ ಗೊತ್ತಾಗಲ್ವಲ್ಲ."

"ಕಾಲಿಗಲ್ಲ. ನನಗೆ ಇನ್ನೂ ಕಾಣುತ್ತಲ್ಲ, ನೋಡೋಕೆ."

ಕೋಬಿನಾ ರಾಶಿಯೊಳಗಿಂದ ಹುಡುಕಿ ಹನ್ನೊಂದು ನೀಲಿ ಟೈಲ್ಸು ತೆಗೆದ. ಒಂದು ಕಡಿಮೆ ಬಿತ್ತು. ಮಾರನೆಯ ದಿನ ಪೇಟೆಗೆ ಹೋಗಿ ತಂದ.